ಮೂಗಮ್ಮನ ಹೆಸರಿನಲ್ಲಿ ಬಂದ ಜ್ವರ

ಶಿವರಂಜಿನಿಯ ಕೊನೆಯ ಪರೀಕ್ಷೆಗೆ ಒಬ್ಬ ರೋಗಿ ಬೇಕಾಗಿತ್ತು. ನಿಜವಾದ ರೋಗಿಯಲ್ಲ. ಕಾಯಿಲೆಯವರ ಹಾಗೆ ಮಲಗಿಕೊಂಡು, ಕೇಳಿದ್ದಕ್ಕೆ ಉತ್ತರ ಹೇಳುವ, ಅರವತ್ತು ದಾಟಿದ ಒಬ್ಬ ಹೆಂಗಸು. ನೆಂಟರಾಗಿರಬಾರದು, ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಾಗಿರಬಾರದು. ನಾನೇ ಮಲಗುತ್ತೇನೆ ಎಂದೆ. ಆದರೆ ಪರೀಕ್ಷೆಯವರಿಗೆ ಇನ್ನೊಬ್ಬರೂ ಬೇಕಾಗಿದ್ದರು. ರೋಗಿಗೆ ಅವಳ ಕಾಯಿಲೆ ಏನೆಂದು ಹುಡುಗಿಗೆ ಗೊತ್ತಾಗದ ಹಾಗೆ ಓದಿ ಹೇಳಬೇಕು, ಆಮೇಲೆ ಕ್ಯಾಮೆರಾ ಹಿಡಿದುಕೊಂಡು ನಿಲ್ಲಬೇಕು. ಕಾಯಿಲೆಯ ವಿವರವೆಲ್ಲ ಇಂಗ್ಲಿಷಿನಲ್ಲಿ ಬರುತ್ತದಂತೆ. ಚಾಮರಾಜನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಆ ಕೆಲಸ ನನ್ನ ಪಾಲಿಗೆ ಬಂತು.

ಶಿವರಂಜಿನಿ ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದಳು. ಅವಳ ಊರು ಗುಂಡ್ಲುಪೇಟೆಯಿಂದಾಚೆ, ಮದ್ದೂರು. ಅಪ್ಪ ಪುಟ್ಟಮಾದು ಅರಣ್ಯ ಇಲಾಖೆಯಲ್ಲಿ ಕಾಡು ಕಾಯುವ ವಾಚರ್. ಇವಳು ನಮ್ಮೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದುಕೊಂಡೇ ಎರಡು ವರ್ಷದಿಂದ ಆನ್‌ಲೈನಿನಲ್ಲಿ ಸ್ನಾತಕೋತ್ತರ ಓದು ಓದುತ್ತಿದ್ದಳು. ನರ್ಸ್ ಪ್ರಾಕ್ಟೀಷನರ್ ಅಂತ ಅದಕ್ಕೆ ಹೆಸರು. ಜೀವಕ್ಕೆ ಅಪಾಯವಾಗಿ ಬಂದವರನ್ನು ಡಾಕ್ಟರು ಬರುವ ತನಕ ಬರಿದೆ ಕಾಯಿಸದೆ, ತಾನೇ ಪರೀಕ್ಷಿಸಿ, ಏನಾಗಿದೆಯೆಂದು ಹಿಡಿದು, ಮೊದಲ ಚಿಕಿತ್ಸೆ ಶುರುಮಾಡುವ ವಿದ್ಯೆ. ಪಾಠವೆಲ್ಲ ಲ್ಯಾಪ್‌ಟಾಪಿಗೆ ಬರುತ್ತಿತ್ತು. ಕೈಕೆಲಸ ಕಲಿಯಲು ರಜೆ ಹಾಕಿ ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗಿ ಇದ್ದು ಬರುತ್ತಿದ್ದಳು.

"ಯಾಕಮ್ಮ ಇಷ್ಟು ಕಷ್ಟ?" ಎಂದು ಒಮ್ಮೆ ಕೇಳಿದ್ದೆ.

"ಗುಂಡ್ಲುಪೇಟೆಲಿ ಯಾರಿಗಾದ್ರೂ ಜೋರಾದ್ರೆ ಆಂಬುಲೆನ್ಸಿಗೆ ಹಾಕಿ ಮೈಸೂರಿಗೆ ಕಳಿಸ್ತಾರಮ್ಮ. ದಾರಿಲಿ ಏನೇನೋ ಆಗ್ಬುಡುತ್ತೆ. ಅಲ್ಲೇ ಒಬ್ಬರು ಹಿಡಿದು ನಿಲ್ಲಿಸ್ಕೊಂಡ್ರೆ ಎಷ್ಟೋ ಜನ ಉಳೀತಾರೆ."

ಗುಂಡ್ಲುಪೇಟೆಯ ಒಂದು ಆಸ್ಪತ್ರೆಯವರು ಹೊಸದಾಗಿ ತುರ್ತು ಚಿಕಿತ್ಸೆಯ ವಾರ್ಡು ತೆರೆಯುವವರಿದ್ದರು. ಪಾಸು ಮಾಡಿಕೊಂಡು ಬಾ, ವಾರ್ಡು ನಿನ್ನದು ಎಂದು ಅಲ್ಲಿನ ಡಾಕ್ಟರು ಹೇಳಿದ್ದರು. ಬರಹದ ಪರೀಕ್ಷೆಗಳೆಲ್ಲ ಮುಗಿದಿದ್ದವು. ಉಳಿದದ್ದು ಕ್ಯಾಮೆರಾದ ಮುಂದೆ ರೋಗಿಯನ್ನು ನೋಡಿ ತೋರಿಸುವುದೊಂದೇ. ಅದಕ್ಕೆ ಎರಡೇ ಅವಕಾಶ. ಮೊದಲನೆಯದು ಅರ್ಧ ನಡೆದಾಗ ನಮ್ಮ ಬೀದಿಯ ಮೋರಿ ಕೆಲಸದ ಜೆಸಿಬಿ ಇಂಟರ್ನೆಟ್ ತಂತಿಯನ್ನು ಎಳೆದು ಹಾಕಿತು. ತೆರೆ ಕಪ್ಪಾಯಿತು, ಪರೀಕ್ಷೆ ಹೋಯಿತು. ಅಂದು ರೋಗಿಯಾಗಿದ್ದ ಎದುರುಮನೆಯ ಅಜ್ಜಿ ಆಮೇಲೆ ಮಗನ ಊರಿಗೆ ಹೋಗಿಬಿಟ್ಟಿದ್ದರು. ಈ ಸಲವೂ ಹೋದರೆ ಎರಡು ವರ್ಷದ ಓದು ನೀರಿಗೆ ಬಿದ್ದ ಹಾಗೆ.

ರೋಗಿಯಾಗಲು ಚಿಕ್ಕನಿಂಗಮ್ಮನನ್ನು ಕೇಳೋಣವೆಂದು ನನಗೆ ಹೊಳೆಯಿತು. ಅವಳು ಹರದನಹಳ್ಳಿಯಿಂದ ದಿನಾ ಬೆಳಗಿನ ಬಸ್ಸಿಗೆ ಬಂದು ನಮ್ಮ ಬೀದಿಗಳಲ್ಲಿ ಸೊಪ್ಪು ಮಾರುತ್ತಾಳೆ. ದಂಟಿನ ಸೊಪ್ಪಿನ ಕಟ್ಟಿಗೆ ನಾಲ್ಕು ಎಸಳು ಕೊತ್ತಂಬರಿ ಸುಮ್ಮನೆ ಸಿಕ್ಕಿಸಿ ಕೊಡುವವಳು. ವಿಷಯ ಕೇಳಿ ಬುಟ್ಟಿ ಕೆಳಗಿಳಿಸಿ, ಎರಡು ಕೈಯಿಂದ ಕಿವಿ ಮುಚ್ಚಿಕೊಂಡಳು.

"ಬುಡ್ತು ಅನ್ನಿ ಅಮ್ಮೋರೆ! ನೆಟ್ಟಗಿರೋ ಎಂಗ್ಸು ಜ್ವರ ಅಂತ ಮಲಿಕತ್ತಾರಾ? ಸುಳ್ಳು ಸಂಕಟ ಆಡುದ್ರೆ ನಿಜ್ವಾಗ್ಲೂ ಬತ್ತದೆ."

"ಬಿಡ್ತು," ಎಂದೆ ನಾನು. "ಆದರೆ ಹುಡುಗಿಯ ಓದು ನಿಂತುಹೋಗುತ್ತಲ್ಲ."

ಅವಳು ನನ್ನ ಪಕ್ಕದಲ್ಲಿದ್ದ ಶಿವರಂಜಿನಿಯ ಮುಖ ನೋಡಿದಳು. ಹುಡುಗಿ ಬುಟ್ಟಿಯ ಮೇಲಿನ ಒದ್ದೆ ಬಟ್ಟೆಯನ್ನು ಸೊಪ್ಪಿನ ಮೇಲೆ ಸರಿಯಾಗಿ ಎಳೆದು ಮುಚ್ಚುತ್ತಿದ್ದಳು.

"ಒಂದ್ ಕೆಲ್ಸ ಮಾಡನ," ಎಂದಳು ಚಿಕ್ಕನಿಂಗಮ್ಮ ತುಸು ಯೋಚಿಸಿ. "ನನ್ನೆಸ್ರಲ್ಲಿ ಬ್ಯಾಡ. ನಮ್ಮತ್ತೆ ಮೂಗಮ್ಮನೆಸ್ರಲ್ಲಿ ಮಲಿಕತ್ತೀನಿ. ಜ್ವರ ಬಂದ್ರೆ ಅವ್ಳಿಗೆ ಬರ್ಲಿ. ಅವ್ಳಿಗಿನ್ನೇನಾಯ್ತದೆ? ಸತ್ತೋಗಿ ಇಪ್ಪತ್ವರ್ಸ ಆಯ್ತು."

ಹೀಗೆ ನಮ್ಮ ನಡುಮನೆಯ ಮಂಚದ ಮೇಲೆ ಮೂಗಮ್ಮ ಮತ್ತೆ ಹುಟ್ಟಿದಳು.

ಸೊಪ್ಪು ಮಾರಿ ಮುಗಿದ ಮೇಲೆ ದಿನಾ ತಾಲೀಮು. ಚಿಕ್ಕನಿಂಗಮ್ಮ ತಲೆಬಾಗಿಲಿನಲ್ಲಿ ಚಿಕ್ಕನಿಂಗಮ್ಮನಾಗಿ ಕಾಲು ತೊಳೆದುಕೊಳ್ಳುವಳು, ಮಂಚ ಹತ್ತಿದೊಡನೆ ಮೂಗಮ್ಮ. ಆ ಅತ್ತೆ ಬಾಯಿಗೆ ಹೆಸರಾದವಳಂತೆ. ಸೊಸೆ ಅದನ್ನು ಒಂದಕ್ಷರ ಬಿಡದೆ ಕಲಿತಿಟ್ಟುಕೊಂಡಿದ್ದಳು.

"ಏನಾಗ್ತಿದೆ ಅಜ್ಜಿ?" ಎಂದು ಶಿವರಂಜಿನಿ ಬಾಗಿ ಕೇಳುವಳು.

"ಕಣ್ ಕಾಣಾಕಿಲ್ವಾ ನಿಂಗೆ? ಮೈ ಉರೀತಾ ಅದೆ. ಬುಡ್ತು."

"ಎಷ್ಟು ದಿನದಿಂದ?"

"ನೀನು ಬಂದು ಕೇಳ್ಲಿ ಅಂತ ಎಣಿಸ್ಕಂಡ್ ಕೂತಿದ್ನಾ? ಕಯ್ಯಿ ತಗಿ, ತಣ್ಣಗದೆ! ಯಾರಮ್ಮಿ ನಿಂಗೆ ಕೆಲ್ಸ ಕೊಟ್ಟೋರು?"

ಹುಡುಗಿಗೆ ನಗು ತಡೆಯಲಾಗುತ್ತಿರಲಿಲ್ಲ. "ಅಜ್ಜಿ, ಪರೀಕ್ಷೆಲಿ ಹಿಂಗೆ ಬೈದ್ರೆ ನಾನು ನಕ್ಕುಬುಡ್ತೀನಿ."

"ನಗು. ನಾನು ಹದಿನೆಂಟ್ ವರ್ಸ ಅವ್ಳ ಕೈಲಿ ಬೈಸ್ಕಂಡು ಒಂದಿನಾನೂ ನಗ್ಲಿಲ್ಲ. ನೀನಾರೂ ನಗು."

ಪ್ರತಿ ನೋವಿನ ಹಿಂದೆ ಒಂದು 'ಬುಡ್ತು' ಮಾತ್ರ ಬಿಡಿಸಲಾಗಲಿಲ್ಲ. ಜೋರಾಗಿ ಬೇಡ, ಮನಸ್ಸಿನಲ್ಲೇ ಹೇಳಿಕೋ ಎಂದು ಒಪ್ಪಿಸಿದೆವು. ಅಂದಿನಿಂದ ಅವಳು ಒಂದೊಂದು ಮಾತಾದ ಮೇಲೂ ತುಟಿ ಅಲ್ಲಾಡಿಸುವಳು.

ಪರೀಕ್ಷೆಯ ದಿನ ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕಲು ಹೋದರೆ ಬೀದಿಯ ತಿರುವಿನಲ್ಲಿ ನಮಗೆ ಇಂಟರ್ನೆಟ್ ಕೊಟ್ಟಿದ್ದ ಕೇಬಲ್ಲಿನ ದೊರೆಸ್ವಾಮಿ ಕುರ್ಚಿ ಹಾಕಿಕೊಂಡು ಕಂಬಕ್ಕೆ ಒರಗಿ ಕೂತಿದ್ದ. ತಂತಿ ಕಿತ್ತಿದ್ದು ಅವನ ತಪ್ಪಲ್ಲ. ಆದರೂ ಅಂದಿನಿಂದ ಶಿವರಂಜಿನಿಗೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

"ಏನಪ್ಪ ಇಲ್ಲಿ?"

"ಇವತ್ತು ಈ ಲೈನ್ ಮುಟ್ಟಕ್ಕೆ ಯಾರ್ನೂ ಬುಡಲ್ಲ ಅಮ್ಮ. ಮೋರಿ ಕೆಲ್ಸದೋರ್ಗೂ ಹೇಳಿವ್ನಿ, ಮಧ್ಯಾಹ್ನದ ಮೇಲೆ ಬರ್ತೀವಿ ಅಂದ್ರು. ಒಳ್ಳೆ ಜನ."

ಚಿಕ್ಕನಿಂಗಮ್ಮ ಅಂದು ಬುಟ್ಟಿ ತಂದಿರಲಿಲ್ಲ. ತಲೆಗೆ ಸ್ನಾನ ಮಾಡಿ, ಮಗಳ ಮದುವೆಯಲ್ಲಿ ಉಟ್ಟ ಸೀರೆಯುಟ್ಟು, ಕನಕಾಂಬರ ಮುಡಿದು ಬಂದಳು.

"ಚಿಕ್ಕನಿಂಗಮ್ಮ, ಮೂರು ದಿನದಿಂದ ಜ್ವರ ಇರುವವರು ಹೂ ಮುಡಿಯುತ್ತಾರಾ?"

"ಅಷ್ಟೊಂದ್ ಓದಿರೋರು ನೋಡ್ತಾರೆ, ಮಾಸಲು ಸೀರೆ ಉಟ್ಕಂಡು ಬಿದ್ಕಳ್ಳಾ? ಕೂಸಿಗೆ ಅವಮಾನ ಅಲ್ವಾ?" ಎಂದವಳು, ಕೊನೆಗೆ ಹೂ ತೆಗೆದು ದೇವರ ಪಟಕ್ಕೆ ಇಟ್ಟಳು. ಸೀರೆಯ ಮೇಲೆ ಕಂಬಳಿ ಹೊದಿಸಿದೆವು.

ಶಿವರಂಜಿನಿಯನ್ನು ಮಹಡಿಗೆ ಕಳಿಸಿ, ನನ್ನ ಫೋನಿಗೆ ಬಂದ ಕಾಯಿಲೆಯ ವಿವರವನ್ನು ಓದಿ ಕನ್ನಡದಲ್ಲಿ ಹೇಳಿದೆ. ಮೂರು ದಿನದ ಜ್ವರ, ಉರಿಮೂತ್ರ, ಮೈಯೆಲ್ಲ ನಡುಕ, ಏದುಸಿರು. ಮೊದಲು ಮಾತಾಡುತ್ತಿರಬೇಕು. ನಾನು ಕರ್ಚೀಫು ತೋರಿಸಿದ ಮೇಲೆ ಮಂಕಾಗಬೇಕು, ಕೇಳಿದ್ದಕ್ಕೆ ಉತ್ತರ ಕೊಡದೆ ಕಣ್ಣು ಮುಚ್ಚಿಬಿಡಬೇಕು. ಮೂತ್ರದ ಸೋಂಕು ರಕ್ತಕ್ಕೆ ಇಳಿದಿದೆ, ಜೀವಕ್ಕೆ ಅಪಾಯ. ಹುಡುಗಿ ಅದನ್ನು ಗುರುತಿಸುತ್ತಾಳೋ ಇಲ್ಲವೋ ಎಂಬುದೇ ಪರೀಕ್ಷೆ.

"ಮಂಕಾದ್ಮೇಲೆ?" ಎಂದಳು ಚಿಕ್ಕನಿಂಗಮ್ಮ.

"ಅಷ್ಟೇ. ಹಾಗೇ ಇರುವುದು."

"ಏಳಾದೇ ಇಲ್ವಾ?"

"ಇಲ್ಲ."

ಅವಳಿಗೆ ಇದು ಹಿಡಿಸಲಿಲ್ಲವೆಂದು ನನಗೆ ಅನ್ನಿಸಿತು. ಆದರೆ ಅಷ್ಟರಲ್ಲಿ ಹೊತ್ತಾಗಿತ್ತು.

ತೆರೆಯ ಮೇಲೆ ಇಬ್ಬರು ಬಂದರು. ಒಬ್ಬರು ಮೈಸೂರಿನ ಪ್ರೊಫೆಸರ್ ಶಾಂತಿ, ಇನ್ನೊಬ್ಬರು ಕನ್ನಡಕದ ಹಿರಿಯ ಡಾಕ್ಟರು. ರೋಗಿಯ ಹೆಸರು ಕೇಳಿದರು. ಮೂಗಮ್ಮ ಎಂದೆ. ಬರೆದುಕೊಂಡರು. ಶಿವರಂಜಿನಿ ಬಿಳಿ ಕೋಟು ಹಾಕಿ ಇಳಿದು ಬಂದಳು. ನಾನು ಲ್ಯಾಪ್‌ಟಾಪನ್ನು ಮಂಚದ ಕಡೆ ತಿರುಗಿಸಿ ಹಿಡಿದೆ.

ಮೂಗಮ್ಮ ಅಂದು ತನ್ನ ಜೀವಮಾನದ ಬೈಗುಳವನ್ನೆಲ್ಲ ಬೈದಳು. ನಾಡಿ ಹಿಡಿದರೆ ಕೈ ಕೊಡವಿದಳು. ಉಸಿರು ಎಣಿಸುತ್ತಿದ್ದರೆ "ಏನ್ ಮೊಕ ನೋಡ್ಕಂಡ್ ಕುಂತಿದ್ದೀಯ, ಕೆಲ್ಸ ಇಲ್ವಾ?" ಎಂದಳು. ಕನ್ನಡಕದ ಡಾಕ್ಟರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಶಿವರಂಜಿನಿ ನಗಲಿಲ್ಲ. ಬೈಸಿಕೊಳ್ಳುತ್ತಲೇ ಕಂಬಳಿಯನ್ನು ಅಜ್ಜಿಯ ಪಾದದ ತನಕ ಎಳೆದಳು, ಮುಟ್ಟುವ ಮುನ್ನ ಮುಟ್ಟುತ್ತೇನೆಂದು ಹೇಳಿದಳು. ಬಿಪಿ ಪಟ್ಟಿ ಕಟ್ಟಿದಾಗ ಶಾಂತಿ ಮೇಡಂ ಅತ್ತಲಿಂದ ಅಂಕಿ ಹೇಳಿದರು. ಅದು ಚಿಕ್ಕನಿಂಗಮ್ಮನದಲ್ಲ, ವಿವರದಲ್ಲಿದ್ದ ರೋಗಿಯದು. ಕಡಿಮೆಯಿತ್ತು. ಹುಡುಗಿ ಸೋಂಕು ರಕ್ತಕ್ಕಿಳಿದಿರುವ ಅನುಮಾನವೆಂದಳು. ಡಾಕ್ಟರಿಗೆ ಕರೆ, ರಕ್ತದ ಮಾದರಿ, ಆಮ್ಲಜನಕ, ಡ್ರಿಪ್, ಆ್ಯಂಟಿಬಯಾಟಿಕ್ ಎಂದು ಹೇಳುತ್ತ ಒಂದೊಂದನ್ನೂ ಮಾಡಿ ತೋರಿಸಿದಳು. ಡ್ರಿಪ್ಪಿನ ಕೊಳವೆಯನ್ನು ಸೂಜಿ ಚುಚ್ಚದೆ ಅಂಟುಪಟ್ಟಿಯಿಂದ ಕೈಗೆ ಬರಿದೆ ಅಂಟಿಸಿದಳು.

ನಾನು ಕರ್ಚೀಫು ತೋರಿಸಿದೆ.

ಚಿಕ್ಕನಿಂಗಮ್ಮ ನನ್ನನ್ನು ನೋಡಿದಳು. ಹುಡುಗಿಯನ್ನು ನೋಡಿದಳು. ಹುಡುಗಿಯ ಹಣೆಯಲ್ಲಿ ಬೆವರು ಮೂಡಿತ್ತು. ಕಣ್ಣು ಮುಚ್ಚುವ ಬದಲು ಚಿಕ್ಕನಿಂಗಮ್ಮ ಮೊಣಕೈ ಊರಿ ಅರ್ಧ ಎದ್ದು, ಮುಖ ಅರಳಿಸಿ ನಕ್ಕಳು.

"ವಾಸಿಯಾಗ್ಬುಡ್ತು ಕಣವ್ವ! ನೀ ಮುಟ್ಟಿದ್ದೇ ಮುಟ್ಟಿದ್ದು, ಜ್ವರ ಜರ್ರಂತ ಇಳ್ದೋಯ್ತು. ಒಳ್ಳೆ ಕೈಗುಣ ನಿಂದು. ಇನ್ನೇನ್ ಬ್ಯಾಡ, ನಾ ಊರ್ಗೋಯ್ತೀನಿ."

ತೆರೆಯ ಮೇಲೆ ಶಾಂತಿ ಮೇಡಂ ತಮ್ಮ ಮುಂದಿದ್ದ ಹಾಳೆ ತಿರುವಿ ನೋಡಿ ಹುಬ್ಬು ಗಂಟಿಕ್ಕಿದರು. ರೋಗಿ ವಿವರದಂತೆ ನಡೆಯದಿದ್ದರೆ ಪರೀಕ್ಷೆ ರದ್ದು ಮಾಡಬಹುದೆಂಬ ನಿಯಮವನ್ನು ನಾನೇ ಬೆಳಿಗ್ಗೆ ಓದಿದ್ದೆ. ಮೂರನೆಯ ಅವಕಾಶವೆಂಬುದು ಇರಲಿಲ್ಲ. ಬಾಯಿಬಿಟ್ಟು ಏನಾದರೂ ಹೇಳಲೂ ನನಗೆ ಅನುಮತಿಯಿರಲಿಲ್ಲ.

ಶಿವರಂಜಿನಿಗೆ ವಿವರದಲ್ಲೇನಿದೆಯೆಂದು ಗೊತ್ತಿಲ್ಲ. ಅವಳ ಮುಂದಿದ್ದದ್ದು ನಗುತ್ತಿರುವ ಒಬ್ಬ ಮುದುಕಿ ಮಾತ್ರ. ನಿಜವಾಗಿ ವಾಸಿಯಾಗಿದೆಯೆಂದು ನಂಬಿ ಕೈಬಿಟ್ಟರೆ ಮುಗಿಯಿತು. ಅವಳು ಅಜ್ಜಿಯ ಬೆನ್ನಿಗೆ ಕೈ ಕೊಟ್ಟು ಮೆಲ್ಲನೆ ಮಲಗಿಸಿದಳು.

"ಸಂತೋಷ ಅಜ್ಜಿ. ಹೋಗೋಣ. ಅದಕ್ಕೆ ಮುಂಚೆ ಒಂದು ಮಾತು ಕೇಳ್ತೀನಿ. ನಿಮ್ಮ ಹೆಸರೇನು?"

"ಚಿಕ್ಕನಿಂಗಮ್ಮ," ಎಂದಳು ಚಿಕ್ಕನಿಂಗಮ್ಮ ಹೆಮ್ಮೆಯಿಂದ.

ನಾನು ಕಣ್ಣು ಮುಚ್ಚಿಕೊಂಡೆ.

"ಈಗ ಎಲ್ಲಿದ್ದೀರಿ ಅಜ್ಜಿ? ಇದು ಯಾವ ಜಾಗ?"

"ಅಮ್ಮೋರ ಮನೆ. ಇನ್ಯಾವ್ದು?"

ಶಿವರಂಜಿನಿ ಮತ್ತೊಮ್ಮೆ ಬಿಪಿ ಪಟ್ಟಿಯ ಗಾಳಿ ಒತ್ತಿದಳು. ಶಾಂತಿ ಮೇಡಂ ಒಂದು ಗಳಿಗೆ ತಡೆದು ಅಂಕಿ ಹೇಳಿದರು. ಮೊದಲಿಗಿಂತಲೂ ಇಳಿದಿತ್ತು. ಹುಡುಗಿ ಅಜ್ಜಿಯ ಕೈ ಬಿಡದೆ ಕ್ಯಾಮೆರಾದ ಕಡೆ ತಿರುಗಿದಳು.

"ಮೇಡಂ, ರೋಗಿ ವಾಸಿಯಾಯಿತು ಎನ್ನುತ್ತಿದ್ದಾರೆ. ನಾನು ಒಪ್ಪುವುದಿಲ್ಲ. ಬಂದಾಗಿನಿಂದ ಮುಟ್ಟಿದ್ದಕ್ಕೆಲ್ಲ ಬೈಯುತ್ತಿದ್ದವರು ಇದ್ದಕ್ಕಿದ್ದಂತೆ ಬೈಯುವುದು ನಿಲ್ಲಿಸಿ ನಗುತ್ತಿದ್ದಾರೆ. ಮೂಗಮ್ಮ ಎಂದು ದಾಖಲಾದವರು ಬೇರೆ ಹೆಸರು ಹೇಳುತ್ತಿದ್ದಾರೆ. ಆಸ್ಪತ್ರೆಯನ್ನು ಯಾರದೋ ಮನೆ ಎಂದುಕೊಂಡಿದ್ದಾರೆ. ಬಿಪಿ ಇನ್ನೂ ಇಳಿದಿದೆ. ಬುದ್ಧಿ ಮಂಕಾಗುತ್ತಿದೆ, ಸೋಂಕು ಮಿದುಳನ್ನು ಮುಟ್ಟುತ್ತಿದೆ. ಮೊದಲು ಸಕ್ಕರೆ ನೋಡುತ್ತೇನೆ. ಡ್ರಿಪ್ ಜೋರು ಮಾಡುತ್ತೇನೆ. ಡಾಕ್ಟರಿಗೆ ಮತ್ತೆ ಕರೆ ಮಾಡಿ ಐಸಿಯುಗೆ ಸೇರಿಸುತ್ತೇನೆ. ಮನೆಗೆ ಕಳಿಸುವುದಿಲ್ಲ."

"ಅಯ್ಯೋ, ಯಾಕ್ ಕಳ್ಸಾಕಿಲ್ಲ?" ಎಂದಳು ರೋಗಿ ಗಾಬರಿಯಾಗಿ. "ವಾಸಿ ಆಯ್ತು ಅಂತೀನಿ!"

"ಆಗುತ್ತೆ ಅಜ್ಜಿ. ಆಗೋ ತನಕ ನಾನು ಇಲ್ಲೇ ಇರ್ತೀನಿ," ಎಂದಳು ಶಿವರಂಜಿನಿ.

ತೆರೆಯ ಮೇಲೆ ಇಬ್ಬರೂ ದನಿ ನಿಲ್ಲಿಸಿ ತಮ್ಮತಮ್ಮಲ್ಲೇ ಮಾತಾಡತೊಡಗಿದರು. ಅವರ ತುಟಿಗಳು ಮಾತ್ರ ಆಡುತ್ತಿದ್ದವು. ಶಾಂತಿ ಮೇಡಂ ತಲೆ ಅಡ್ಡ ಆಡಿಸಿದರು. ಡಾಕ್ಟರು ಏನೋ ಹೇಳಿದರು. ಮೇಡಂ ಮತ್ತೆ ಅಡ್ಡ ಆಡಿಸಿದರು. ನನ್ನ ತೋಳು ನೋಯುತ್ತಿತ್ತು. ಅದನ್ನು ಕಂಡು ಶಿವರಂಜಿನಿ ಅಂಥ ಹೊತ್ತಿನಲ್ಲೂ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು.

ದನಿ ಬಂತು.

"ಶಿವರಂಜಿನಿ, ನಿಮ್ಮ ರೋಗಿ ವಿವರದಲ್ಲಿದ್ದ ಹಾಗೆ ಮಾಡಲಿಲ್ಲ," ಎಂದರು ಶಾಂತಿ ಮೇಡಂ. "ಅವರು ಕಣ್ಣು ಮುಚ್ಚಿ ಸುಮ್ಮನಾಗಬೇಕಿತ್ತು. ಪರೀಕ್ಷೆ ರದ್ದು ಮಾಡಬೇಕೇ ಅಂತ ಯೋಚನೆ ಮಾಡಿದೆವು. ರೋಗಿಯನ್ನೇ ಒಂದು ಮಾತು ಕೇಳುತ್ತೇನೆ. ಅಮ್ಮ, ಯಾಕೆ ಹಾಗೆ ಮಾಡಿದಿರಿ?"

ಚಿಕ್ಕನಿಂಗಮ್ಮ ಎದ್ದು ಕೂತು ಸೆರಗು ಸರಿಮಾಡಿಕೊಂಡಳು.

"ತಾಯಿ, ರೋಗಿ ವಾಸಿಯಾದ್ರೆ ತಾನೆ ನರ್ಸಮ್ಮ ಪಾಸು? ನಾನು ಕಣ್ ಮುಚ್ಕಂಡು ಸತ್ತೋರಂಗೆ ಬಿದ್ಕಂಡ್ರೆ ಈ ಕೂಸ್ಗೆ ಯಾರ್ ಮಾರ್ಕ್ಸ್ ಕೊಟ್ಟಾರು? ಅದ್ಕೆ ಎದ್ದೆ."

"ಸರಿ. ಹೆಸರು ಯಾಕೆ ಬೇರೆ ಹೇಳಿದಿರಿ?"

"ಜ್ವರ ಬಂದಿದ್ದು ನಮ್ಮತ್ತೆ ಮೂಗಮ್ಮನ್ಗೆ. ವಾಸಿಯಾಗಾದಾರೂ ನನ್ನೆಸ್ರಲ್ಲಿ ಆಗ್ಲಿ ಅಂತ."

ಕನ್ನಡಕದ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಹೆಗಲು ಕುಲುಕುತ್ತಿತ್ತು. ಶಾಂತಿ ಮೇಡಂ ಬಹಳ ಪ್ರಯತ್ನಪಟ್ಟು ಗಂಭೀರವಾಗಿ ಉಳಿದರು.

"ಶಿವರಂಜಿನಿ, ನಾವು ನೋಡಬೇಕಾಗಿದ್ದದ್ದು ಒಂದೇ. ರೋಗಿಯಲ್ಲಿ ಆದ ಬದಲಾವಣೆ ನಿಮಗೆ ಕಾಣುತ್ತದೆಯೇ ಅಂತ. ನಾವು ಬರೆದಿದ್ದಕ್ಕಿಂತ ಕಷ್ಟದ ರೋಗಿ ನಿಮಗೆ ಸಿಕ್ಕರು. ವಾಸಿಯಾಯಿತು ಅಂದವರನ್ನು ನೀವು ಬಿಟ್ಟು ಹೋಗಲಿಲ್ಲ. ಕಾಗದ ಆಮೇಲೆ ಬರುತ್ತದೆ, ಆದರೆ ಈಗಲೇ ಹೇಳುತ್ತೇನೆ. ನೀವು ಪಾಸಾಗಿದ್ದೀರಿ."

ಶಿವರಂಜಿನಿ ಡ್ರಿಪ್ಪಿನ ಅಂಟುಪಟ್ಟಿಯನ್ನು ಚಿಕ್ಕನಿಂಗಮ್ಮನ ಕೈಯಿಂದ ನೋವಾಗದಂತೆ, ಅಂಚಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸತೊಡಗಿದಳು. ಅರ್ಧ ಬಿಡಿಸಿದವಳು ಆ ಕೈಯ ಮೇಲೇ ಮುಖವಿಟ್ಟು ಅತ್ತುಬಿಟ್ಟಳು.

"ಪಾಸು ಅಂದ್ರಲ್ವಾ ಅಮ್ಮೋರೆ?" ಎಂದಳು ಚಿಕ್ಕನಿಂಗಮ್ಮ ನನ್ನನ್ನು. "ಮತ್ಯಾಕ್ ಅಳ್ತಾಳೆ?"

ನಾನು ಕಿಟಕಿಗೆ ಹೋಗಿ ಬೀದಿಯ ತಿರುವಿಗೆ ಕೇಳುವ ಹಾಗೆ "ದೊರೆಸ್ವಾಮೀ, ಪಾಸು!" ಎಂದು ಕೂಗಿದೆ. ಇಷ್ಟು ಜೋರಾಗಿ ಕೂಗಿ ಎಷ್ಟು ವರ್ಷವಾಗಿತ್ತೋ. ಅವನು ಕಂಬವನ್ನು ಎರಡು ಸಲ ತಟ್ಟಿದ, ಗೆದ್ದ ಎತ್ತಿನ ಬೆನ್ನು ತಟ್ಟುವ ಹಾಗೆ.

ಶಿವರಂಜಿನಿಯ ಮನೆಗೆ ತಿಳಿಸಬೇಕಲ್ಲ. ಅಮ್ಮನ ಫೋನು ಎಂದಿನಂತೆ ವ್ಯಾಪ್ತಿಯ ಹೊರಗೆ. ಅಪ್ಪ ಕಾಡೊಳಗಿನ ಕ್ಯಾಂಪಿನಲ್ಲಿ, ಅಲ್ಲಿ ಫೋನೇ ಇಲ್ಲ. ಅವಳು ಮದ್ದೂರಿನಲ್ಲಿರುವ ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಫೋನು ಮಾಡಿ, ನಮಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು. ವೈರ್‌ಲೆಸ್ ಸೆಟ್ಟಿನ ಮುಂದೆ ಕೂರುವ ರಂಗರಾಜು ಎತ್ತಿದ.

"ಸೆಟ್ನಲ್ಲಿ ಆನೆ, ಬೆಂಕಿ ಬುಟ್ಟು ಬೇರೆ ಮಾತಾಡಂಗಿಲ್ಲ ಕಣಮ್ಮಿ," ಎಂದ. ಆಮೇಲೆ ಕೇಳಿದ, "ಏನ್ ಹೇಳ್ಬೇಕಿತ್ತು?"

"ಪಾಸಾದೆ ಅಂತ ಅಣ್ಣ. ಓದು ಮುಗೀತು. ಗುಂಡ್ಲುಪೇಟೆಗೆ ಬರ್ತೀನಿ ಅಂತ."

ಅತ್ತ ರಂಗರಾಜು ಕುರ್ಚಿ ಎಳೆದುಕೊಂಡ ಸದ್ದಾಯಿತು. "ಫೋನ್ ಮಡಗ್ಬೇಡ. ಮಧ್ಯಾಹ್ನದ ರಿಪೋರ್ಟ್ ತಕ್ಕೊಳ್ಳೋ ಹೊತ್ತೇ ಆಯ್ತು, ಅದ್ರ ಜೊತೆಗೆ ಸೇರುಸ್ಬುಡ್ತೀನಿ."

ಗರಗರ ಸದ್ದು ಬಂತು. ಅದರ ನಡುವೆ ರಂಗರಾಜುವಿನ ದನಿ, ಕಚೇರಿಯ ಗತ್ತಿನಲ್ಲಿ: "ಎಲ್ಲಾ ಕ್ಯಾಂಪ್‌ಗಳೂ ಕೇಳಿಸ್ಕೊಳ್ಳಿ. ಪುಟ್ಟಮಾದು ಅವರ ಮಗಳು ಪಾಸು. ದೊಡ್ಡ ನರ್ಸು. ಗುಂಡ್ಲುಪೇಟೆಗೇ ಬರ್ತಾವ್ಳೆ. ಓವರ್."

ಒಂದೊಂದೇ ಕ್ಯಾಂಪಿನಿಂದ ದನಿಗಳು ಬಂದವು. ಯಾರೋ "ಶಭಾಷ್" ಎಂದರು. ಯಾರೋ "ನಮ್ಮ ಚಿಕ್ಕಮಾದು ಮಂಡಿನೋವು ತೋರುಸ್ಬೇಕಂತೆ, ಯಾವಾಗ ಬರ್ತಾಳೆ ಕೇಳಿ, ಓವರ್" ಎಂದರು. ಕೊನೆಗೆ ಒಂದು ದನಿ ಬಹಳ ದೂರದಿಂದ ಬಂತು.

"ಸರಿಯಾಗ್ ಕೇಳುಸ್ನಿಲ್ಲ. ಇನ್ನೊಂದ್ಸಲ ಹೇಳಿ. ಓವರ್."

"ಅಪ್ಪ," ಎಂದಳು ಶಿವರಂಜಿನಿ ಮೆಲ್ಲಗೆ.

"ಚೆನ್ನಾಗೇ ಕೇಳುಸ್ತು ಕಣಮ್ಮಿ ಅವ್ನಿಗೆ," ಎಂದ ರಂಗರಾಜು ಫೋನಿಗೆ ಬಾಯಿ ಹತ್ತಿರ ತಂದು. ಆಮೇಲೆ ಸೆಟ್ಟಿನ ಕಡೆ ತಿರುಗಿ, ಒಂದೊಂದೇ ಮಾತನ್ನು ಬಿಡಿಸಿ, ಇಡೀ ಸುದ್ದಿಯನ್ನು ಮೊದಲಿನಿಂದ ಮತ್ತೆ ಹೇಳಿದ.